ನಾಲ್ಕೂವರೆ ವರ್ಷದ ಮಗ ಸುಳ್ಳು ಹೇಳ್ತಾನೆ, ತಂಗಿ ಅತ್ತರೆ ನಗ್ತಾನೆ. ಇವನಿಗೆ ಮನಸ್ಸಾಕ್ಷಿ ಇಲ್ವಾ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕೂವರೆ ವರ್ಷ, ಮಗಳಿಗೆ ಹತ್ತು ತಿಂಗಳು. ಹೋದ ವಾರ ಗೋಡೆ ತುಂಬ ಕ್ರೇಯಾನಿನಲ್ಲಿ ಗೀಚಿದ್ದ. ಕೇಳಿದರೆ "ನಾನಲ್ಲ, ಪಾಪು ಮಾಡಿದ್ದು" ಅಂದ. ಪಾಪು ಇನ್ನೂ ಎದ್ದು ನಿಲ್ಲುವುದೂ ಇಲ್ಲ. ಇವನ ಕೈಯಲ್ಲೇ ಬಣ್ಣ ಮೆತ್ತಿಕೊಂಡಿತ್ತು, ಆದರೂ ನನ್ನ ಕಣ್ಣು ನೋಡಿಕೊಂಡೇ ಹೇಳಿದ. ಎರಡು ದಿನದ ಹಿಂದೆ ಅವಳನ್ನು ತಳ್ಳಿದ. ಅವಳು ಬಿದ್ದು ಅಳುತ್ತಿದ್ದರೆ ಇವನು ನಕ್ಕ. ನಿನ್ನೆ ಅವನ ಬ್ಯಾಗಿನಲ್ಲಿ ಗೆಳೆಯನ ಕೆಂಪು ಕಾರು ಸಿಕ್ಕಿತು. "ಅವನೇ ಕೊಟ್ಟ" ಅಂದ. ಕೊಟ್ಟಿಲ್ಲ ಅಂತ ಆಮೇಲೆ ಗೊತ್ತಾಯಿತು. ಕಾರು ಈಗ ನನ್ನ ಕಪಾಟಿನಲ್ಲಿದೆ, ಏನು ಮಾಡಬೇಕೋ ತಿಳಿಯುತ್ತಿಲ್ಲ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಎರಡು ಬಿಡು" ಅಂತಾರೆ ಮನೆಯ ಹಿರಿಯರು. ಆರು ತಿಂಗಳ ಮಗುವಿಗೇ ಒಳ್ಳೆಯವರು ಕೆಟ್ಟವರು ಗೊತ್ತಾಗುತ್ತದೆ ಅಂತ ಎಲ್ಲೋ ಓದಿದೆ. ಹಾಗಾದರೆ ನನ್ನ ಮಗನಿಗೆ ಯಾಕೆ ಗೊತ್ತಾಗುತ್ತಿಲ್ಲ? ಅವನು ಹುಟ್ಟಿದ ಮೊದಲ ವರ್ಷ ನಾನು ತುಂಬ ಸುಸ್ತಾಗಿದ್ದೆ, ಸರಿಯಾಗಿ ಮಾತಾಡಿಸಲೂ ಇಲ್ಲ. ಆಗಲೇ ಏನಾದರೂ ಕೆಟ್ಟುಹೋಯಿತಾ?

ಉತ್ತರ: ಗೋಡೆ ಒರೆಸಿದರೆ ಹೋಗುತ್ತದೆ, ಕಾರು ವಾಪಸ್ ಕೊಟ್ಟರೆ ಮುಗಿಯುತ್ತದೆ. ನಿಮ್ಮ ನಿದ್ದೆ ಕೆಡಿಸಿರುವುದು ಆ ನಗು ಅಂತ ನನಗೆ ಅನ್ನಿಸುತ್ತದೆ. ಮಗು ಸುಳ್ಳು ಹೇಳಿದರೆ ತಾಯಂದಿರು ಹೇಗೋ ಸಹಿಸುತ್ತಾರೆ. ಇನ್ನೊಂದು ಮಗು ಅಳುವಾಗ ನಕ್ಕರೆ ಮಾತ್ರ ಎದೆ ಝಲ್ಲೆನ್ನುತ್ತದೆ. ಮಕ್ಕಳ ಮನಸ್ಸಿನ ಕೆಲಸದಲ್ಲಿ ಇಷ್ಟು ವರ್ಷ ಕಳೆದಿದ್ದೇನೆ. ಈ ಪ್ರಶ್ನೆಯನ್ನು ಅಪ್ಪ ಅಮ್ಮಂದಿರು ನನ್ನ ಹತ್ತಿರ ಯಾವಾಗಲೂ ದನಿ ತಗ್ಗಿಸಿಯೇ ಕೇಳುತ್ತಾರೆ. ನೀವು ಬರೆದಿರುವ ಮೂರೂ ಘಟನೆಗಳು ಈ ವಯಸ್ಸಿನಲ್ಲಿ ಸಾಮಾನ್ಯ. ಸಾಮಾನ್ಯ ಅಂದರೆ ಸುಮ್ನೆ ಬಿಟ್ಟುಬಿಡಬಹುದು ಅಂತಲ್ಲ. ಮೊದಲು ಅವು ಯಾಕೆ ಆಗುತ್ತವೆ ನೋಡೋಣ.

ನೀವು ಓದಿದ ಆ ಆರು ತಿಂಗಳ ಮಗುವಿನ ವಿಷಯದಿಂದಲೇ ಶುರು ಮಾಡುತ್ತೇನೆ. ಆ ಒಂದು ಸುದ್ದಿ ಎಷ್ಟೋ ಮನೆಗಳಲ್ಲಿ ಸುಮ್ಮಸುಮ್ಮನೆ ದಿಗಿಲು ಹುಟ್ಟಿಸಿದೆ. 2007ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕೈಲಿ ಹ್ಯಾಮ್ಲಿನ್, ಕ್ಯಾರೆನ್ ವಿನ್, ಪಾಲ್ ಬ್ಲೂಮ್ ಸೇರಿ ಒಂದು ಪ್ರಯೋಗ ಮಾಡಿದರು. ಕಣ್ಣು ಅಂಟಿಸಿದ ಒಂದು ಮರದ ಬೊಂಬೆ ಗುಡ್ಡ ಹತ್ತಲು ಒದ್ದಾಡುತ್ತದೆ. ಒಂದು ಬೊಂಬೆ ಅದನ್ನು ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ಕೆಳಕ್ಕೆ ದೂಡುತ್ತದೆ. ಇದನ್ನು ನೋಡಿದ ಆರು ತಿಂಗಳ 12 ಮಕ್ಕಳ ಮುಂದೆ ಆ ಎರಡು ಬೊಂಬೆ ಇಟ್ಟರೆ, 12 ಮಕ್ಕಳೂ ಸಹಾಯ ಮಾಡಿದ್ದರ ಕಡೆಗೇ ಕೈ ಚಾಚಿದರು. ಮಕ್ಕಳು ಹುಟ್ಟುತ್ತಲೇ ನ್ಯಾಯ ಗೊತ್ತಿರುವವರು ಅನ್ನುವ ಮಾತು ಎಲ್ಲ ಕಡೆ ಓಡಾಡಿದ್ದು ಇಲ್ಲಿಂದಲೇ. ಆಮೇಲೆ ಬೇರೆ ಬೇರೆ ದೇಶಗಳ 37 ಪ್ರಯೋಗಾಲಯಗಳು ಒಟ್ಟಾಗಿ ಸಾವಿರಕ್ಕೂ ಹೆಚ್ಚು ಮಕ್ಕಳ ಜೊತೆ ಇದನ್ನೇ ಮತ್ತೆ ಮಾಡಿದವು. ಫಲಿತಾಂಶ 2024ರಲ್ಲಿ ಬಂತು. ಸಹಾಯ ಮಾಡಿದ ಬೊಂಬೆಯನ್ನು ಆರಿಸಿದವರು ಹತ್ತಿರಹತ್ತಿರ ಅರ್ಧದಷ್ಟು. ಅಂದರೆ ನಾಣ್ಯ ಚಿಮ್ಮಿದ ಹಾಗೆ.

ಹಾಗಂತ ಮಗು ಖಾಲಿ ಪಾತ್ರೆಯಾಗಿ ಹುಟ್ಟುತ್ತದೆ ಅಂತಲೂ ಅಲ್ಲ. ಹುಟ್ಟಿ ಒಂದೆರಡು ದಿನವಾದ ಕೂಸು ಪಕ್ಕದ ಕೂಸಿನ ಅಳು ಕೇಳಿದರೆ ತಾನೂ ಅಳುತ್ತದೆ. ತನ್ನದೇ ಅಳುವನ್ನು ರೆಕಾರ್ಡ್ ಮಾಡಿ ಕೇಳಿಸಿದರೆ ಅಷ್ಟು ಅಳುವುದಿಲ್ಲ. ಒಂದೂವರೆ ವರ್ಷದ ಹೊತ್ತಿಗೆ ಸಹಾಯ ಮಾಡಲು ತಾನಾಗಿ ಬರುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಸೆಲ್ಲೊ 2006ರಲ್ಲಿ 18 ತಿಂಗಳ 24 ಮಕ್ಕಳನ್ನು ನೋಡಿದರು. ಅಪರಿಚಿತ ದೊಡ್ಡವರೊಬ್ಬರು ಬಟ್ಟೆ ಒಣಹಾಕುವಾಗ ಕ್ಲಿಪ್ ಬೀಳಿಸಿಕೊಂಡು, ಅದಕ್ಕೆ ಕೈ ಚಾಚಿ, ಎಟುಕದೆ ಒದ್ದಾಡುತ್ತಾರೆ. ಇಂಥ ಬೇರೆ ಬೇರೆ ಸಂದರ್ಭಗಳಲ್ಲಿ 22 ಮಕ್ಕಳು ಒಂದು ಸಲವಾದರೂ ಎದ್ದು ಬಂದು ಸಹಾಯ ಮಾಡಿದರು. ಯಾರೂ ಕೇಳಿರಲಿಲ್ಲ, ಯಾರೂ ಏನೂ ಕೊಡಲಿಲ್ಲ. ನೀವೂ ಸ್ವಲ್ಪ ನೆನಪು ಮಾಡಿಕೊಳ್ಳಿ. ನಿಮ್ಮ ಮಗ ಆ ವಯಸ್ಸಿನಲ್ಲಿ ಬಿದ್ದ ಬಟ್ಟೆ ಎತ್ತಿಕೊಟ್ಟಿದ್ದು, ನೀವು ಮಲಗಿದ್ದಾಗ ತನ್ನ ಬೊಂಬೆ ತಂದು ನಿಮ್ಮ ಪಕ್ಕ ಇಟ್ಟಿದ್ದು, ಇಂಥದ್ದೇನಾದರೂ ಇರುತ್ತದೆ ಅಲ್ವಾ? ಆ ಮಗು ಎಲ್ಲಿಗೂ ಹೋಗಿಲ್ಲ. ಅದರ ಮೇಲೆ ಈಗ ಇನ್ನೊಂದು ಹೊಸ ಶಕ್ತಿ ಬಂದು ಕೂತಿದೆ. ಆ ಶಕ್ತಿ ಮೊದಲು ಕಾಣಿಸಿಕೊಳ್ಳುವುದೇ ಸುಳ್ಳಿನ ವೇಷದಲ್ಲಿ.

ನನ್ನ ಕೋಣೆಯಲ್ಲಿ ಒಂದು ಕ್ರೇಯಾನ್ ಡಬ್ಬಿ ಇದೆ. ಒಳಗಿರುವುದು ಅಂಗಿಯ ಗುಂಡಿಗಳು. ಮೂರು ವರ್ಷದ ಮಗುವಿಗೆ ಡಬ್ಬಿ ತೋರಿಸಿ "ಇದರಲ್ಲಿ ಏನಿದೆ?" ಅಂದರೆ "ಕ್ರೇಯಾನ್" ಅನ್ನುತ್ತದೆ. ತೆಗೆದು ಗುಂಡಿ ತೋರಿಸುತ್ತೇನೆ. ಮಗು ನಗುತ್ತದೆ. ಮುಚ್ಚಿ ಮತ್ತೆ ಕೇಳುತ್ತೇನೆ: "ಅಮ್ಮ ಹೊರಗೆ ಕೂತಿದ್ದಾರೆ. ಅವರು ಇದನ್ನು ತೆಗೆದು ನೋಡಿಲ್ಲ. ಒಳಗೆ ಏನಿದೆ ಅಂದುಕೊಳ್ಳುತ್ತಾರೆ?" ಮೂರು ವರ್ಷದ ಮಗು ಥಟ್ಟನೆ "ಗುಂಡಿ" ಅನ್ನುತ್ತದೆ. ತನಗೆ ಗೊತ್ತಿದ್ದದ್ದು ಅಮ್ಮನಿಗೂ ಗೊತ್ತು ಅಂತ ಅದರ ಲೆಕ್ಕ. ಅಷ್ಟೇ ಅಲ್ಲ, "ನೀನು ಮೊದಲು ಏನಿದೆ ಅಂದುಕೊಂಡಿದ್ದೆ?" ಅಂದರೆ ಅದಕ್ಕೂ "ಗುಂಡಿ" ಅನ್ನುತ್ತದೆ! ಅರ್ಧ ನಿಮಿಷದ ಹಿಂದೆ ತಾನೇ ಹೇಳಿದ್ದು ಬೇರೆ ಅನ್ನುವುದು ಅದಕ್ಕೆ ಸಿಗುವುದಿಲ್ಲ. ಇದೇ ಪ್ರಶ್ನೆಯನ್ನು ನಾಲ್ಕೂವರೆಯ ಮಗುವಿಗೆ ಕೇಳಿದರೆ ಮೊದಲು ಬಾಗಿಲ ಕಡೆ ನೋಡುತ್ತದೆ. ಬಾಯಿಗೆ ಕೈ ಅಡ್ಡ ಹಿಡಿದು, ಗುಟ್ಟು ಹೇಳುವ ಹಾಗೆ "ಕ್ರೇಯಾನ್" ಅನ್ನುತ್ತದೆ. ಇದನ್ನು ಎಷ್ಟು ಸಲ ನೋಡಿದ್ದರೂ ನನಗೆ ಮೈ ಜುಮ್ಮೆನ್ನುತ್ತದೆ. ಬೇರೆಯವರ ತಲೆಯೊಳಗೆ ತನ್ನದಲ್ಲದ ಇನ್ನೊಂದು ಲೋಕ ಇದೆ ಅಂತ ಮಗುವಿಗೆ ಗೊತ್ತಾಗಿದೆ.

ಈ ಬಗೆಯ ಪರೀಕ್ಷೆಯನ್ನು ಮೊದಲು ರೂಪಿಸಿದವರು ಹೈಂಜ್ ವಿಮ್ಮರ್ ಮತ್ತು ಜೋಸೆಫ್ ಪರ್ನರ್, 1983ರಲ್ಲಿ. ಆಮೇಲೆ ನೂರಾರು ಕಡೆ ನಡೆದಿದೆ. ನಾಲ್ಕು ವರ್ಷದ ಆಚೀಚೆ ಹೆಚ್ಚಿನ ಮಕ್ಕಳು ಈ ಹೊಸಿಲು ದಾಟುತ್ತಾರೆ. ಈಗ ಯೋಚಿಸಿ. ಸುಳ್ಳು ಹೇಳಬೇಕಾದರೆ ಏನು ಬೇಕು? ಅಮ್ಮನಿಗೆ ಇನ್ನೂ ಗೊತ್ತಿಲ್ಲ ಅನ್ನುವುದು ಗೊತ್ತಿರಬೇಕು. ನಾನು ಹೇಳಿದ್ದನ್ನು ಅಮ್ಮ ನಂಬಬಹುದು ಅನ್ನುವುದೂ ಗೊತ್ತಿರಬೇಕು. 2015ರಲ್ಲಿ ಒಂದು ಅಧ್ಯಯನ ಇದನ್ನೇ ನೇರವಾಗಿ ತೋರಿಸಿತು. ಸುಳ್ಳು ಹೇಳಲು ಬಾರದ ಮೂರು ವರ್ಷದ ಮಕ್ಕಳಿಗೆ ಬೇರೆಯವರ ಮನಸ್ಸನ್ನು ಊಹಿಸುವ ಆಟಗಳನ್ನು ಕೆಲವು ದಿನ ಆಡಿಸಿದರು. ಆ ಮಕ್ಕಳು ಸುಳ್ಳು ಹೇಳಲು ಶುರು ಮಾಡಿದರು. ನಿಮ್ಮ ಮಗನ ಸುಳ್ಳು ಇನ್ನೂ ಹಸಿಹಸಿ. ಕೈಯಲ್ಲಿ ಬಣ್ಣ ಇಟ್ಟುಕೊಂಡು ಪಾಪುವಿನ ಮೇಲೆ ಹಾಕಿದ ಅಂದರೆ, ನಿಮ್ಮ ಕಣ್ಣಿಗೆ ಏನು ಕಾಣುತ್ತಿದೆ ಅನ್ನುವ ಲೆಕ್ಕ ಅವನಿಗಿನ್ನೂ ಪೂರ್ತಿ ಬಂದಿಲ್ಲ. ಅಳುವ ತಂಗಿಯನ್ನು ಸಮಾಧಾನ ಮಾಡುವುದಕ್ಕೂ ಮುಂದೆ ಅವನಿಗೆ ಇದೇ ಶಕ್ತಿ ಬೇಕು. ಸುಳ್ಳು ಹೇಳುವ ಬುದ್ಧಿ ಬೇರೆ, ಸಮಾಧಾನ ಮಾಡುವ ಬುದ್ಧಿ ಬೇರೆ ಅಂತ ಎರಡು ಇರುವುದಿಲ್ಲ.

ಇನ್ನು ಆ ನಗು. ಇಲ್ಲಿ ಒಂದು ವಿಷಯ ಗೊತ್ತಿದ್ದರೆ ನಿಮಗೆ ಎಷ್ಟೋ ಹಗುರವಾಗುತ್ತದೆ. ನಾಲ್ಕು ವರ್ಷದ ಮಕ್ಕಳಿಗೆ ಒಬ್ಬ ಹುಡುಗ ಇನ್ನೊಬ್ಬನ ವಸ್ತು ಕದ್ದ ಕಥೆ ಹೇಳಿ, "ಕದ್ದಿದ್ದು ಸರಿಯಾ?" ಅಂದರೆ "ತಪ್ಪು" ಅನ್ನುತ್ತಾರೆ. "ಈಗ ಕದ್ದವನಿಗೆ ಹೇಗನ್ನಿಸುತ್ತೆ?" ಅಂದರೆ "ಖುಷಿ" ಅನ್ನುತ್ತಾರೆ! ಬೇಕಾದ್ದು ಸಿಕ್ಕಿತಲ್ಲ, ಖುಷಿ ಆಗಲೇಬೇಕು ಅನ್ನುವುದು ಅವರ ತರ್ಕ. ಕದ್ದವನಿಗೆ ಒಳಗೆ ಚುಚ್ಚುತ್ತದೆ ಅನ್ನುವ ಉತ್ತರ ಏಳೆಂಟು ವರ್ಷದ ಹೊತ್ತಿಗೆ ಸಾಮಾನ್ಯವಾಗುತ್ತದೆ. 1988ರಲ್ಲಿ ಗೆರ್‌ಟ್ರೂಡ್ ನುನ್ನರ್-ವಿಂಕ್ಲರ್ ಮತ್ತು ಬಿಯಾಟೆ ಸೋಡಿಯನ್ ಇದನ್ನು ಗುರುತಿಸಿದರು. ತಪ್ಪು ಅಂತ ತಿಳಿಯುವುದಕ್ಕೂ, ತಪ್ಪು ಮಾಡಿದ್ದಕ್ಕೆ ಮನಸ್ಸು ಕುಟುಕುವುದಕ್ಕೂ ನಡುವೆ ಹೀಗೆ ವರ್ಷಗಳೇ ಹಿಡಿಯುತ್ತವೆ. ಹಂಚಿಕೊಳ್ಳುವುದರಲ್ಲೂ ಇದೇ ಕಥೆ. ಸ್ಟಿಕರ್‌ಗಳನ್ನು ಸಮ ಹಂಚಬೇಕು ಅಂತ ಮೂರು ವರ್ಷದ ಮಗುವೂ ಹೇಳುತ್ತದೆ. ಕೈಗೆ ಕೊಟ್ಟರೆ ಜಾಸ್ತಿ ಪಾಲು ತನಗೇ ಇಟ್ಟುಕೊಳ್ಳುತ್ತದೆ. ಹೇಳಿದ ಹಾಗೇ ಹಂಚುವುದು ಏಳೆಂಟು ವರ್ಷದ ಸುಮಾರಿಗೆ ಕಾಣಿಸುತ್ತದೆ. ಕೆಂಪು ಕಾರಿನ ವಿಷಯ ಇದೇ. ಅದು ಗೆಳೆಯನದು ಅಂತ ನಿಮ್ಮ ಮಗನಿಗೆ ಚೆನ್ನಾಗಿಯೇ ಗೊತ್ತು. ಗೊತ್ತಿಲ್ಲದಿದ್ದರೆ "ಅವನೇ ಕೊಟ್ಟ" ಅನ್ನುವ ಮಾತೇ ಬೇಕಿರಲಿಲ್ಲ.

ನಗುವಿಗೆ ಬೇರೆ ಕಾರಣಗಳೂ ಇರುತ್ತವೆ. ತಳ್ಳಿದೆ, ದೊಡ್ಡ ಸದ್ದಾಯಿತು, ಅಮ್ಮ ಓಡಿ ಬಂದಳು. ಆ ಗಾಬರಿಗೆ ಎಷ್ಟೋ ಮಕ್ಕಳು ನಗುತ್ತಾರೆ. ಹತ್ತು ತಿಂಗಳಿಂದ ಅಮ್ಮನ ಮಡಿಲು ಹಂಚಿಕೊಂಡ ಹೊಟ್ಟೆಯುರಿಯೂ ಇದ್ದೀತು. ಮುಂದಿನ ಸಲ ನಗುವನ್ನು ಬಿಟ್ಟು, ನಗು ನಿಂತ ಮೇಲಿನ ಒಂದು ನಿಮಿಷ ನೋಡಿ. ಒಬ್ಬ ತಾಯಿ ಇದೇ ದೂರು ಹಿಡಿದು ನನ್ನ ಹತ್ತಿರ ಬಂದಿದ್ದರು. ಒಂದು ವಾರ ಸುಮ್ನೆ ಗಮನಿಸಿ ಅಂದೆ. ಮಗ ನಕ್ಕ ಮೇಲೆ ಮಂಚದ ಕೆಳಗೆ ತೂರಿಕೊಳ್ಳುತ್ತಾನೆ, ಅಲ್ಲಿಂದ ತಂಗಿಯನ್ನೇ ನೋಡುತ್ತಿರುತ್ತಾನೆ, ಅವಳ ಅಳು ನಿಂತ ಮೇಲೆ ಮೆಲ್ಲಗೆ ತನ್ನ ಚೆಂಡು ಅವಳ ಕಡೆ ಉರುಳಿಸುತ್ತಾನೆ ಅಂತ ಬಂದು ಹೇಳಿದರು. ಹೇಳುವಾಗ ಅವರ ಕಣ್ಣು ತುಂಬಿತ್ತು. ಆ ಚೆಂಡೇ ಆ ವಯಸ್ಸಿನ ಮನಸ್ಸಾಕ್ಷಿ.

ಮನೆಯಲ್ಲೇ ಒಂದು ಚಿಕ್ಕ ಪ್ರಯೋಗ ಮಾಡಿ. ಮಗ ಆರಾಮಾಗಿರುವಾಗ ಕೇಳಿ: "ಊಟಕ್ಕೆ ಮೊದಲು ಆಟದ ಸಾಮಾನು ಎತ್ತಿಡಬೇಕು ಅನ್ನೋ ನಿಯಮ ಟೀಚರ್ ತೆಗೆದುಹಾಕಿದರೆ, ಎತ್ತಿಡದೆ ಇರಬಹುದಾ?" ಹೂಂ ಅನ್ನುವ ಸಾಧ್ಯತೆ ಜಾಸ್ತಿ. "ಸರಿ, ಬೇರೆ ಮಕ್ಕಳಿಗೆ ಹೊಡೆಯಬಹುದು ಅಂತ ಟೀಚರ್ ಹೇಳಿದರೆ, ಹೊಡೆಯಬಹುದಾ?" ಇದಕ್ಕೆ ಹೆಚ್ಚಿನ ಮಕ್ಕಳು ಊಹೂಂ ಅನ್ನುತ್ತಾರೆ. "ಯಾಕೆ?" ಅಂದರೆ "ನೋವಾಗುತ್ತೆ" ಅನ್ನುತ್ತಾರೆ. ಎಲಿಯಟ್ ಟ್ಯುರಿಯಲ್ ಮತ್ತು ಜುಡಿತ್ ಸ್ಮೆಟಾನಾ ಅವರ ಕೆಲಸದಿಂದ ಗೊತ್ತಾಗಿದ್ದು ಇದು. ಯಾರೋ ಮಾಡಿದ ನಿಯಮ ಬೇರೆ, ಇನ್ನೊಬ್ಬರಿಗೆ ಆಗುವ ನೋವು ಬೇರೆ ಅನ್ನುವ ಗೆರೆ ಮೂರ್ನಾಲ್ಕು ವರ್ಷಕ್ಕೇ ಮೂಡಿರುತ್ತದೆ. (ಮಕ್ಕಳ ನೀತಿ ಬುದ್ಧಿಯನ್ನು ಆರು ಹಂತಗಳ ಪಟ್ಟಿಯಲ್ಲಿ ಇಟ್ಟ ಲಾರೆನ್ಸ್ ಕೋಲ್‌ಬರ್ಗ್ ಹೆಸರು ನಿಮಗೆ ಎಲ್ಲಾದರೂ ಸಿಗಬಹುದು. ಆ ಪಟ್ಟಿ ಹುಟ್ಟಿದ್ದು 10ರಿಂದ 16 ವರ್ಷದ ಹುಡುಗರ ಮಾತಿನಿಂದ. ನಾಲ್ಕೂವರೆಯ ಮಗುವನ್ನು ಅದರಲ್ಲಿ ಹುಡುಕುತ್ತಾ ಕೂರಬೇಡಿ.)

ಒಂದು ವಿಷಯದಲ್ಲಿ ಮಾತ್ರ ಚಿಕ್ಕ ಮಕ್ಕಳ ಲೆಕ್ಕ ನಮ್ಮದಕ್ಕಿಂತ ತೀರಾ ಬೇರೆ. ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಅಧ್ಯಯನ ಮಾಡಿದ ಜೀನ್ ಪಿಯಾಜೆ 1932ರಲ್ಲೇ ಇದನ್ನು ಬರೆದರು. ಗೊತ್ತಿಲ್ಲದೆ ಬಾಗಿಲು ತಳ್ಳಿ 15 ಬಟ್ಟಲು ಒಡೆದ ಹುಡುಗ ಒಬ್ಬ. ಕದ್ದು ತಿನ್ನಲು ಹೋಗಿ ಒಂದೇ ಒಂದು ಬಟ್ಟಲು ಒಡೆದವನು ಇನ್ನೊಬ್ಬ. ಯಾರದು ದೊಡ್ಡ ತಪ್ಪು? 15 ಒಡೆದವನದು ಅನ್ನುವ ಚಿಕ್ಕ ಮಕ್ಕಳು ಬೇಕಾದಷ್ಟು. ಉದ್ದೇಶಕ್ಕಿಂತ ಹಾನಿಯ ಗಾತ್ರವೇ ಅವರಿಗೆ ಮೊದಲು ಕಾಣುತ್ತದೆ. ಪಿಯಾಜೆ ಅಂದುಕೊಂಡದ್ದಕ್ಕಿಂತ ಬೇಗನೆ ಮಕ್ಕಳು ಉದ್ದೇಶವನ್ನು ಗುರುತಿಸುತ್ತಾರೆ ಅಂತ ಆಮೇಲೆ ಗೊತ್ತಾಯಿತು, ಆದರೂ ಅದು ಗಟ್ಟಿಯಾಗಲು ಟೈಮ್ ಬೇಕು. ಗೋಡೆ ತುಂಬ ಬಣ್ಣ ನೋಡಿ ನೀವು ಕಿರುಚಿದಿರಿ, ತಂಗಿಯನ್ನು ತಳ್ಳಿದಾಗ ಅಷ್ಟು ಜೋರು ಮಾಡಲಿಲ್ಲ ಅಂದುಕೊಳ್ಳಿ. ಅವನ ಲೆಕ್ಕದಲ್ಲಿ ಗೋಡೆಯೇ ದೊಡ್ಡ ಅಪರಾಧ. ನಮ್ಮ ದನಿಯ ಏರಿಳಿತದಿಂದಲೇ ಮಕ್ಕಳು ಯಾವುದು ಎಷ್ಟು ಮುಖ್ಯ ಅಂತ ತೂಗುತ್ತಾರೆ. ಹಾಗಾಗಿ ಗೋಡೆಗೆ ಸಣ್ಣ ದನಿ, ತಳ್ಳಿದ್ದಕ್ಕೆ ಗಂಭೀರ ದನಿ ಇರಲಿ.

ಮೊದಲ ವರ್ಷದ ಬಗ್ಗೆ ಕೇಳಿದ್ದೀರಿ. ಇದನ್ನು ನಿಧಾನಕ್ಕೆ ಓದಿ. ಬೇರೆಯವರ ಮನಸ್ಸನ್ನು ಓದುವ ಶಕ್ತಿ ಬೆಳೆಯುವುದರಲ್ಲಿ ಮಾತುಕತೆಯ ಪಾಲು ದೊಡ್ಡದು. ಕ್ಯಾಂಡಿಡಾ ಪೀಟರ್ಸನ್ ಮತ್ತು ಮೈಕೆಲ್ ಸೀಗಲ್ 1995ರಿಂದ ಕಿವುಡು ಮಕ್ಕಳಲ್ಲಿ ಇದನ್ನು ನೋಡಿದರು. ಅಪ್ಪ ಅಮ್ಮನಿಗೆ ಸನ್ನೆ ಭಾಷೆ ಬಾರದ ಮನೆಗಳ ಮಕ್ಕಳು ಈ ಶಕ್ತಿಯಲ್ಲಿ ವರ್ಷಗಳಷ್ಟು ಹಿಂದೆ ಇರುತ್ತಾರೆ. ಹೆತ್ತವರೂ ಸನ್ನೆ ಭಾಷೆಯಲ್ಲೇ ಮಾತಾಡುವ ಮನೆಗಳಲ್ಲಿ ಆ ತಡ ಕಾಣುವುದಿಲ್ಲ. ಮಕ್ಕಳ ಬುದ್ಧಿಯಲ್ಲಿ ಕೊರತೆ ಇರಲಿಲ್ಲ, "ಅವಳಿಗೆ ಬೇಜಾರಾಯ್ತು", "ನಾನು ಹಾಗಂದುಕೊಂಡೆ" ಅನ್ನುವ ದಿನದ ಮಾತು ಅವರಿಗೆ ಸಿಕ್ಕಿರಲಿಲ್ಲ ಅಷ್ಟೇ. ಅಂಥ ಮಾತು ಮೂರರಲ್ಲಿ, ಐದರಲ್ಲಿ, ಎಂಟರಲ್ಲಿ ಕೆಲಸ ಮಾಡುತ್ತಲೇ ಇರುತ್ತದೆ. ಮೊದಲ ವರ್ಷಕ್ಕೇ ಮುಚ್ಚಿಹೋಗುವ ಬಾಗಿಲು ಇದಲ್ಲ. ನಿಮ್ಮ ಮಗ ಸುಳ್ಳು ಕಟ್ಟುತ್ತಿದ್ದಾನೆ ಅಂದರೆ ಆ ಶಕ್ತಿ ಬಂದಿದೆ. ನೀವು ಅದನ್ನು ಕೆಡಿಸಿಲ್ಲ. ಆದರೆ ಒಂದು ಮಾತು. ಎರಡನೇ ಹೆರಿಗೆಯ ನಂತರವೂ ಆ ಸುಸ್ತು, ಯಾವುದೂ ಬೇಡ ಅನ್ನಿಸುವುದು ಇದ್ದರೆ, ನಿಮಗೋಸ್ಕರ ವೈದ್ಯರನ್ನು ಕಾಣಿ. ಅದಕ್ಕೆ ಚಿಕಿತ್ಸೆ ಇದೆ.

ಇನ್ನು ಏನು ಮಾಡಬಹುದು ನೋಡೋಣ. ಹಿರಿಯರು ಹೇಳಿದ ದಾರಿ ಏಟು. ಅವರ ಕಾಳಜಿ ನಿಜವೇ, ಗಿಡ ಬಗ್ಗುವ ವಯಸ್ಸೂ ಇದೇ. ಆದರೆ ಏಟಿಗೆ ಗಿಡ ಯಾವ ಕಡೆ ಬಗ್ಗುತ್ತದೆ? ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2011ರಲ್ಲಿ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು-ನಾಲ್ಕು ವರ್ಷದ ಮಕ್ಕಳನ್ನು ಹೋಲಿಸಿದರು. ಒಂದು ಶಾಲೆಯಲ್ಲಿ ಕೋಲಿನ ಏಟು, ತಲೆಗೆ ಬಾರಿಸುವುದು, ಚಿವುಟುವುದು. ಇನ್ನೊಂದರಲ್ಲಿ ಏಟಿಲ್ಲ, ಗದರಿಕೆಯಂಥ ಶಿಕ್ಷೆ. "ಹಿಂದೆ ಇರುವ ಆಟಿಕೆಯನ್ನು ತಿರುಗಿ ನೋಡಬೇಡ" ಅಂತ ಹೇಳಿ ಹೊರಗೆ ಹೋದರೆ, ಎರಡೂ ಕಡೆ ಹೆಚ್ಚಿನ ಮಕ್ಕಳು ತಿರುಗಿ ನೋಡಿದರು. ಸುಳ್ಳು ಹೇಳಿದವರು ಏಟಿನ ಶಾಲೆಯಲ್ಲೇ ಜಾಸ್ತಿ. ಅಷ್ಟೇ ಅಲ್ಲ, ಸಿಕ್ಕಿಬೀಳದ ಹಾಗೆ ಸುಳ್ಳನ್ನು ಚೆನ್ನಾಗಿ ಕಾಪಾಡಿಕೊಂಡವರೂ ಅವರೇ. ಹೊಡೆದರೆ ನಿಮ್ಮ ಮಗ ಮುಂದಿನ ಸಲ ಕೈ ತೊಳೆದುಕೊಂಡು ಬಂದು "ಪಾಪು ಮಾಡಿದ್ದು" ಅನ್ನುತ್ತಾನೆ.

ಬೆಳೆದರೆ ಸರಿಹೋಗುತ್ತಾನೆ ಅಂತ ಪೂರ್ತಿ ಕೈಬಿಡುವುದೂ ಬೇಡ. ತಂಗಿಗೆ ಪೆಟ್ಟಾಗುತ್ತದೆ ಅನ್ನುವುದು ಒಂದು. ಅವಳ ನೋವಿಗೆ ಮನೆಯಲ್ಲಿ ಬೆಲೆಯಿಲ್ಲ ಅಂತ ಇವನಿಗೆ ಅನ್ನಿಸುವುದು ಇನ್ನೊಂದು. ಸದ್ಯ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಡಬೇಡಿ. ನಾಲ್ಕೂವರೆಯ ಮಗುವಿಗೆ ಕೈ ತಡೆಯುವ ಶಕ್ತಿ ಇನ್ನೂ ಕಡಿಮೆ.

ನಿಜ ಹೇಳಿದರೆ ಸ್ಟಿಕರ್, ತಂಗಿಗೆ ಮುದ್ದು ಮಾಡಿದರೆ ಆಟಿಕೆ ಅನ್ನುವ ವ್ಯಾಪಾರವನ್ನು ಕೆಲವರು ಹೇಳುತ್ತಾರೆ. ಎರಡು ದಿನ ಕೆಲಸ ಮಾಡಬಹುದು. ಆದರೆ ಆಗ ಹೇಳಿದ ಕ್ಲಿಪ್ ಪ್ರಯೋಗದ ವಾರ್ನೆಕೆನ್ ಮತ್ತು ಟೊಮಸೆಲ್ಲೊ 2008ರಲ್ಲಿ 20 ತಿಂಗಳ ಬೇರೆ ಮಕ್ಕಳನ್ನು ನೋಡಿದಾಗ, ಸಹಾಯ ಮಾಡಿದ್ದಕ್ಕೆ ವಸ್ತುವಿನ ಬಹುಮಾನ ಸಿಕ್ಕ ಮಕ್ಕಳು ಆಮೇಲೆ ಸಹಾಯ ಮಾಡುವುದನ್ನು ಕಡಿಮೆ ಮಾಡಿದ್ದರು. ಕಥೆಗಳಲ್ಲೂ ಆರಿಸಿಕೊಳ್ಳಬೇಕು. ಸುಳ್ಳು ಹೇಳಿ ಮೂಗು ಉದ್ದವಾದ ಬೊಂಬೆ, ತೋಳ ಬಂತು ತೋಳ ಅಂದ ಹುಡುಗ, ಇಂಥ ಹೆದರಿಸುವ ಕಥೆ ಕೇಳಿದ ಮಕ್ಕಳ ಸುಳ್ಳು ಕಡಿಮೆಯಾಗಲಿಲ್ಲ ಅಂತ ಲೀ ಅವರ ತಂಡ 2014ರಲ್ಲಿ ಕಂಡಿತು. ತಪ್ಪು ಒಪ್ಪಿಕೊಂಡಿದ್ದಕ್ಕೆ ಅಪ್ಪನಿಂದ ಮೆಚ್ಚುಗೆ ಪಡೆದ ಹುಡುಗನ ಕಥೆ ಕೆಲಸ ಮಾಡಿತು.

ನಾನು ಹೇಳುವ ದಾರಿ ತುಂಬ ಸಣ್ಣದು. ಉತ್ತರ ಗೊತ್ತಿರುವ ಪ್ರಶ್ನೆ ಕೇಳಬೇಡಿ. ಕೈಯಲ್ಲಿ ಬಣ್ಣ ಕಾಣುತ್ತಿರುವಾಗ "ಯಾರು ಮಾಡಿದ್ದು?" ಅಂದರೆ ಅದು ಬಲೆ. ಸುಳ್ಳಿಗೆ ನಾವೇ ಆಹ್ವಾನ ಕೊಟ್ಟ ಹಾಗೆ. "ಗೋಡೆ ಮೇಲೆ ಬರೆದಿದೀಯ. ಬಾ, ಬಟ್ಟೆ ತಗೋ, ಇಬ್ಬರೂ ಒರೆಸೋಣ" ಅನ್ನಿ. ತಂಗಿಯನ್ನು ತಳ್ಳಿದರೆ ಮೊದಲು ಅವಳನ್ನು ಎತ್ತಿಕೊಳ್ಳಿ. ಆಮೇಲೆ ಅವನ ಎತ್ತರಕ್ಕೆ ಬಗ್ಗಿ ಎರಡೇ ವಾಕ್ಯ ಹೇಳಿ: "ನೋಡು, ಅವಳ ತಲೆಗೆ ಪೆಟ್ಟಾಯ್ತು, ಹೆದರಿದಾಳೆ. ಅವಳಿಗೆ ಏನು ಕೊಟ್ಟರೆ ಸಮಾಧಾನ ಆಗುತ್ತೆ?" ಮಾಡಿದ ಕೆಲಸದಿಂದ ಇನ್ನೊಬ್ಬರಿಗೆ ಏನಾಯಿತು ಅಂತ ತೋರಿಸುವ ಈ ರೀತಿಯನ್ನು ಮಾರ್ಟಿನ್ ಹಾಫ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು ದಶಕಗಳ ಕಾಲ ಪರಿಶೀಲಿಸಿದರು. ಬೆದರಿಕೆಗಿಂತಲೂ, ಮಾತು ಬಿಟ್ಟು ಮುನಿಸಿಕೊಳ್ಳುವುದಕ್ಕಿಂತಲೂ ಇದೇ ಒಳಗೆ ಇಳಿಯುತ್ತದೆ.

ಇದರಲ್ಲೂ ಅಪಾಯ ಇದೆ. ಎರಡು ವಾಕ್ಯ ಇಪ್ಪತ್ತಾದರೆ ಅದು ಭಾಷಣ, ಅವನ ಕಿವಿ ಮುಚ್ಚಿಕೊಳ್ಳುತ್ತದೆ. "ನಿನ್ನಿಂದಲೇ ಅಮ್ಮನಿಗೆ ತಲೆನೋವು", "ನೀನು ಕೆಟ್ಟ ಹುಡುಗ, ಇನ್ನು ಮಾತಾಡಿಸಲ್ಲ" ಅಂದರೆ ಅವನು ತಂಗಿಯ ನೋವನ್ನು ಬಿಟ್ಟು ತನ್ನ ಭಯವನ್ನೇ ನೋಡಿಕೊಳ್ಳುತ್ತಾನೆ. ಒತ್ತಾಯದ ಸಾರಿಯಿಂದಲೂ ಅಷ್ಟೇನೂ ಪ್ರಯೋಜನವಿಲ್ಲ. ಬಾಯಿ ಸಾರಿ ಅನ್ನುತ್ತದೆ, ಕಣ್ಣು ಟಿವಿ ಮೇಲಿರುತ್ತದೆ. ಬಟ್ಟೆ ತಂದು ಕೊಡುವುದು, ಬಿದ್ದದ್ದನ್ನು ಎತ್ತುವುದು, ಬೊಂಬೆ ತಂದು ತಂಗಿಯ ಕೈಗಿಡುವುದು, ಇಂಥ ಕೆಲಸ ಮಾಡಿಸಿ.

ಯಾವಾಗ ತಜ್ಞರನ್ನು ಕಾಣಬೇಕು? ತಿಂಗಳುಗಟ್ಟಲೆ, ಯಾರೂ ನೋಡದಾಗ ಕಾದು ಕೂತು ತಂಗಿಗೋ ಪ್ರಾಣಿಗೋ ನೋವು ಮಾಡುತ್ತಿದ್ದರೆ. ಮನೆ, ಶಾಲೆ, ಆಟದ ಬಯಲು ಎಲ್ಲ ಕಡೆಯೂ ಇದೇ ದೂರು ಬಂದರೆ. ತನಗೆ ಪೆಟ್ಟಾದಾಗಲೂ ನಿಮ್ಮ ಹತ್ತಿರ ಬರದಿದ್ದರೆ, ಯಾರ ಅಳುವಿಗೂ ಮುಖದಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ. ಮಾತು ತಡವಾಗಿದ್ದರೆ ಅಥವಾ ಬಂದ ಮಾತು ಹಿಂದೆ ಸರಿದಿದ್ದರೆ. ಮಾತಿನ ಅನುಮಾನ ಇದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಒಂದೂ ನನಗೆ ಕಾಣಲಿಲ್ಲ.

ಇನ್ನು ಕಪಾಟಿನಲ್ಲಿರುವ ಕಾರು. ಅದನ್ನು ಇವತ್ತೇ ಹೊರಗೆ ತೆಗೆಯಿರಿ. "ಕದ್ದೆ" ಅನ್ನುವ ಪದ ಬೇಡ, ವಿಚಾರಣೆಯೂ ಬೇಡ. "ಈ ಕಾರು ನಿನಗೆ ತುಂಬ ಇಷ್ಟ ಆಯ್ತು, ಅದಕ್ಕೇ ತಂದೆ. ಅವನು ಇದನ್ನು ಹುಡುಕುತ್ತಾ ಇರ್ತಾನೆ" ಅಂತ ಹೇಳಿ ಸ್ವಲ್ಪ ಹೊತ್ತು ಸುಮ್ಮನಿರಿ, ಅವನು ಯೋಚಿಸಲಿ. ಗೆಳೆಯನ ಅಮ್ಮನಿಗೆ ಮೊದಲೇ ಫೋನ್ ಮಾಡಿ, ಎಲ್ಲರ ಮುಂದೆ ಬಯ್ಯಬೇಡಿ ಅಂತ ಕೇಳಿಕೊಳ್ಳಿ. ಕೈ ಹಿಡಿದುಕೊಂಡು ಇಬ್ಬರೂ ಹೋಗಿ. ಕಾರು ಅವನ ಕೈಯಲ್ಲೇ ಇರಲಿ, ಬಾಗಿಲು ತಟ್ಟುವುದು ನೀವು. ಅವನಿಗೆ ಮಾತು ಹೊರಡದಿದ್ದರೆ "ಇದನ್ನು ವಾಪಸ್ ಕೊಡೋಕೆ ಬಂದಿದ್ದಾನೆ" ಅಂತ ನೀವೇ ಹೇಳಿ. ಬರುವಾಗ ದಾರಿಯಲ್ಲಿ "ಕೊಡೋದು ಕಷ್ಟ ಆಯ್ತು ಅಲ್ವಾ, ಆದರೂ ಕೊಟ್ಟೆ" ಅನ್ನಿ. ಅವನು ಅತ್ತರೆ ಎತ್ತಿಕೊಳ್ಳಿ.